ಬಾವಿಯ ತಳ ಎಲ್ಲಿದೆ?

ತಿಳಿನೀರಿನ ಬಾವಿಯ ಮೆಟ್ಟಿಲ ಮೇಲೆ ನಿಂತು ಒಳಗೆ ನೋಡಿದವರಿಗೆ ತಳದ ಕಲ್ಲುಗಳು ಕಾಣುವುವು. ನೀರು ಎಷ್ಟು ಆಳವಿದೆಯೆಂದು ಯಾರಾದರೂ ಕೇಳಿದರೆ ನಮ್ಮ ಕಣ್ಣು ಒಡನೆಯೇ ಒಂದು ಉತ್ತರವನ್ನು ಕೊಟ್ಟುಬಿಡುವುದು. ಆ ಉತ್ತರ ತಪ್ಪು. ಅದೂ ಯಾವಾಗಲೂ ಒಂದೇ ಕಡೆಗೆ ತಪ್ಪು. ನೀರು ಕಂಡದ್ದಕ್ಕಿಂತ ಹೆಚ್ಚು ಆಳವಾಗಿಯೇ ಇರುವುದು. ಪ್ರೌಢಶಾಲೆಯ ಪುಸ್ತಕದಲ್ಲಿ ಈ ಮಾತು ಬರೆದಿದೆ; ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳೂ ಇವೆ. ಆದರೆ ಆ ಅಂಕಗಳನ್ನು ಪಡೆದವರಲ್ಲಿ ಎಷ್ಟು ಮಂದಿ ಬಾವಿಯ ಮೆಟ್ಟಿಲ ಮೇಲೆ ನಿಂತಾಗ ಅದನ್ನು ನೆನೆಯುವರು?

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಪ್ರಶ್ನೆ ಎದುರಾದದ್ದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಖಜೂರಿಯಲ್ಲಿ. ಮಹಾರಾಷ್ಟ್ರದ ಗಡಿಗೆ ಹತ್ತಿರವಾದ ಊರು ಅದು. ಸುತ್ತಲೂ ತೊಗರಿ, ಜೋಳ ಬೆಳೆಯುವ ಎರೆಹೊಲಗಳು. ಎರೆಮಣ್ಣಿನ ಅಡಿಯಲ್ಲಿ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದೊಳಗಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಕಪ್ಪು ಶಿಲೆ. ತಾಲ್ಲೂಕಿನ ಅಮರ್ಜಾ ಹೊಳೆ ತೆಂಕಣಕ್ಕೆ ಹರಿದು, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮಾ ನದಿಯನ್ನು ಸೇರುವುದು. ಊರವರಿಗೆ ನಿತ್ಯದ ನೀರೆಂದರೆ ಬಾವಿ, ಕೆರೆ, ಹಳ್ಳ, ಈಚೆಗೆ ಹೊಲಗಳಲ್ಲಿ ತೋಡಿದ ಕೃಷಿಹೊಂಡ. ಜಲವಿಜ್ಞಾನವನ್ನು ಕಲಿಯಲು ಸಮುದ್ರದ ದಂಡೆಗೇ ಹೋಗಬೇಕಾಗಿಲ್ಲ. ಇಷ್ಟು ನೀರು ಬೇಕಾದಷ್ಟಾಯಿತು.

ಆ ಕಡೆಯಿಂದ ನಮ್ಮ ತರಗತಿಗೆ ಬರುತ್ತಿದ್ದ ನಾಲ್ವರು ವಿದ್ಯಾರ್ಥಿಗಳಿಗೆ ನಾವು ಒಂದು ಕೆಲಸವನ್ನು ಒಪ್ಪಿಸಿದೆವು. ನೀರಿನ ಯಾವುದಾದರೂ ಒಂದು ಗುಣವನ್ನು ವಿವರಿಸುವ ಮೂರು ನಿಮಿಷದ ವಿಡಿಯೊವನ್ನು ತಮ್ಮ ಮೊಬೈಲ್ ಫೋನಿನಲ್ಲಿ ತೆಗೆದು ತರಬೇಕು ಎಂದೆವು. ಅವರು ವಾರದೊಳಗಾಗಿ ತಂದರು. ನೋಡಲು ಅದು ಬಹಳ ಸೊಗಸಾಗಿತ್ತು. ನೀಲಿ ಸಮುದ್ರ, ಬಣ್ಣಬಣ್ಣದ ಮೀನುಗಳು, ಹವಳದ ದಿಬ್ಬಗಳು, ಹಿನ್ನೆಲೆಯಲ್ಲಿ ಮಧುರ ಸಂಗೀತ. ಅದರ ಮೇಲೆ ಪಠ್ಯಪುಸ್ತಕದ ವಾಕ್ಯಗಳನ್ನು ಓದುವ ಒಂದು ಧ್ವನಿ. ಚಿತ್ರಗಳೆಲ್ಲ ಎಲ್ಲಿಂದಲೋ ಎರವಲು ತಂದವು. ಖಜೂರಿಯ ಒಂದು ಹನಿ ನೀರೂ ಅದರಲ್ಲಿ ಇರಲಿಲ್ಲ. ವಿಡಿಯೊ ಮುಗಿದ ಮೇಲೆ ನಾವು ಕೇಳಿದ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ. ಎರಡನೆಯ ಸಲ ನಾವು ಒಂದು ನಿಯಮವನ್ನು ಹಾಕಿದೆವು: ತಾವೇ ಕಂಡದ್ದನ್ನು, ತಾವೇ ಅಳೆದದ್ದನ್ನು ಮಾತ್ರ ತೋರಿಸಬೇಕು.

ಹೀಗೆ ಅವರು ಬಾವಿಗೆ ಬಂದರು. ನಾವೂ ಜೊತೆಯಲ್ಲಿದ್ದೆವು. ಹುಡುಗನೊಬ್ಬನು ಇಣಿಕಿ ನೋಡಿ, “ತಳಾ ಕಾಣ್ತದಲ್ರಿ ಸರ್, ಭುಜದ ಮಟ ಬರಬಹುದು” ಎಂದನು. ಅವನ ಎತ್ತರ ಐದೂವರೆ ಅಡಿ. ಭುಜದ ಮಟ್ಟವೆಂದರೆ ನಾಲ್ಕೂವರೆ ಅಡಿ. ಅರ್ಧರ್ಧ ಅಡಿಗೆ ಗಂಟು ಹಾಕಿದ ಹಗ್ಗಕ್ಕೆ ಒಂದು ಕಲ್ಲನ್ನು ಕಟ್ಟಿ, ಮೇಲಿನಿಂದಲೇ ಇಳಿಯಬಿಟ್ಟರು. ಹಗ್ಗ ಆರು ಅಡಿಗಿಂತ ಕೊಂಚ ಹೆಚ್ಚೇ ತೋಯ್ದಿತ್ತು. ಭುಜದ ಮಟ್ಟವೆಂದು ನಂಬಿ ಇಳಿದಿದ್ದರೆ ನೀರು ಅವನ ತಲೆಯ ಮೇಲಿರುತ್ತಿತ್ತು. ಕೆಲವು ಕ್ಷಣ ಯಾರೂ ಮಾತಾಡಲಿಲ್ಲ. ಕ್ಯಾಮೆರಾ ಮಾತ್ರ ನಡೆಯುತ್ತಲೇ ಇತ್ತು.

ಲೆಕ್ಕವೇನೋ ಸರಳವಾದದ್ದು. ನೀರಿನ ವಕ್ರೀಭವನಾಂಕ ಸುಮಾರು 1.33, ಎಂದರೆ ಮೂರರಲ್ಲಿ ನಾಲ್ಕರಷ್ಟು. ನೇರವಾಗಿ ಮೇಲಿನಿಂದ ನೋಡಿದಾಗ ನಿಜವಾದ ಆಳದ ಮುಕ್ಕಾಲು ಪಾಲು ಮಾತ್ರ ಕಾಣುವುದು. ಆರು ಅಡಿ ನಾಲ್ಕೂವರೆಯಾಗುವುದು, ಹನ್ನೆರಡು ಅಡಿ ಒಂಬತ್ತಾಗುವುದು. ಓರೆಯಾಗಿ ನೋಡಿದರೆ ತಳ ಇನ್ನೂ ಮೇಲಕ್ಕೆ ಬಂದಂತೆ ತೋರುವುದು. ದಂಡೆಯಲ್ಲಿ ನಿಂತವರು ಸಾಮಾನ್ಯವಾಗಿ ಓರೆಯಾಗಿಯೇ ನೋಡುವರಷ್ಟೆ.

ಆಕಾಶದಿಂದ ಬಂದ ಪಾಠ

ಚಲಿಸುವ ಚಿತ್ರಗಳ ಮೂಲಕ ವಿಜ್ಞಾನವನ್ನು ಕಲಿಸುವ ಪ್ರಯತ್ನ ಈ ಸೀಮೆಗೆ ಹೊಸತಲ್ಲ. ಕರ್ನಾಟಕದಲ್ಲಿ ದೂರದರ್ಶನದ ಪಾಠವನ್ನು ಮೊದಲು ಕಂಡವರು ಬೆಂಗಳೂರಿನವರಲ್ಲ, ಬಯಲುಸೀಮೆಯ ಹಳ್ಳಿಗರು ಎಂಬುದನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಹಲವರು ತಿಳಿದಿರಲಾರರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವೆಂಬ ದೊಡ್ಡ ಸಾಹಸವೊಂದು ನಡೆಯಿತು. ‘ಸೈಟ್’ ಎಂಬುದು ಅದರ ಸಂಕ್ಷಿಪ್ತ ನಾಮ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಅಮೆರಿಕದ ನಾಸಾ ಸಂಸ್ಥೆಯಿಂದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮಗಳನ್ನು ಮುಟ್ಟಿಸಿತು. ಕರ್ನಾಟಕದಲ್ಲಿ ಆರಿಸಿದ ಹಳ್ಳಿಗಳು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಬೋಗುಣಿಯಾಕಾರದ ಆಂಟೆನಾಗಳು ಹಳ್ಳಿಗಳಲ್ಲಿ ಎದ್ದು ನಿಂತುವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರೆಲ್ಲರಿಗೆ ಕಾರ್ಯಕ್ರಮಗಳು ಬರುತ್ತಿದ್ದುವು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ಕೇಂದ್ರ ಬಂದದ್ದು 1981ರಲ್ಲಿ.

ಈ ಪ್ರಯೋಗದ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೂ ಒಂದು ಮಾತನ್ನು ಗಮನಿಸಬೇಕು. ಪಾಠ ಬರುತ್ತಿದ್ದುದು ಒಂದೇ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ. ಹಳ್ಳಿಯ ಹುಡುಗನು ತೆರೆಯ ಮೇಲೆ ಮೂಡಿದವರನ್ನು ‘ಅದೇಕೆ ಹಾಗೆ?’ ಎಂದು ಕೇಳಲಾರನು; ತನ್ನ ಊರಿನ ಬಾವಿಯನ್ನು ಅವರಿಗೆ ತೋರಿಸಲಾರನು. ಇಂದು ಅದೇ ಜಿಲ್ಲೆಯ ವಿದ್ಯಾರ್ಥಿಯ ಕೈಯಲ್ಲಿರುವ ಫೋನು ಚಿತ್ರವನ್ನು ನೋಡುವ ಸಾಧನ ಮಾತ್ರವಲ್ಲ, ಚಿತ್ರವನ್ನು ತೆಗೆಯುವ ಸಾಧನವೂ ಆಗಿದೆ. ಈ ಎರಡನೆಯ ಉಪಯೋಗವೇ ಕಲಿಕೆಗೆ ಹೆಚ್ಚು ನೆರವಾಗುವುದೆಂದು ನಾವು ತಿಳಿಯುತ್ತೇವೆ. ನೋಡುವವನು ತನಗೆ ಅರ್ಥವಾಗದ ಕಡೆ ತಲೆದೂಗಿ ಮುಂದೆ ಸಾಗಬಹುದು. ತೆಗೆಯುವವನು ಅರ್ಥವಾಗದ ಕಡೆ ನಿಲ್ಲಲೇಬೇಕು; ಅಲ್ಲಿ ಏನನ್ನು ತೋರಿಸಬೇಕೆಂಬುದೇ ಅವನಿಗೆ ತೋಚದು.

ಆಸ್ಟ್ರೇಲಿಯದ ವುಲಂಗಾಂಗ್ ವಿಶ್ವವಿದ್ಯಾಲಯದ ಗ್ಯಾರಿ ಹೋಬನ್ ಮತ್ತು ಅವರ ಸಂಗಡಿಗರು ಈ ವಿಷಯವನ್ನು ಬಹುಕಾಲ ಪರಿಶೀಲಿಸಿದ್ದಾರೆ. ವಿದ್ಯಾರ್ಥಿಗಳು ಕಾಗದದ ಇಲ್ಲವೆ ಜೇಡಿಮಣ್ಣಿನ ಮಾದರಿಗಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಒಂದೊಂದು ಸ್ಥಿರಚಿತ್ರವನ್ನು ತೆಗೆದು, ಸೆಕೆಂಡಿಗೆ ಎರಡರಂತೆ ಓಡಿಸಿ ವಿವರಣೆ ಹೇಳುವ ಸರಳ ವಿಧಾನವೊಂದನ್ನು ಅವರು ರೂಪಿಸಿದರು. ಪುಸ್ತಕದ ಮಾತನ್ನು ಮೊದಲು ಟಿಪ್ಪಣಿಯಾಗಿ, ಟಿಪ್ಪಣಿಯನ್ನು ಮಾದರಿಯಾಗಿ, ಮಾದರಿಯನ್ನು ಚಿತ್ರವಾಗಿ, ಚಿತ್ರವನ್ನು ಮತ್ತೆ ತನ್ನ ಮಾತಾಗಿ ಬದಲಿಸುವಾಗ ವಿದ್ಯಾರ್ಥಿಯು ಪ್ರತಿ ಹೆಜ್ಜೆಯಲ್ಲಿಯೂ ಹೊಸದಾಗಿ ಆಲೋಚಿಸಬೇಕಾಗುವುದು ಎಂಬುದು ಅವರ ಅಭಿಪ್ರಾಯ. ನಮ್ಮ ವಿದ್ಯಾರ್ಥಿಗಳು ಎಲ್ಲಿ ನಿಂತರೆಂಬುದನ್ನು ಹೇಳಿದರೆ ಈ ಮಾತಿನ ಸತ್ಯ ಓದುಗರಿಗೆ ತಿಳಿಯುವುದು.

ಬಾಣ ಯಾವ ಕಡೆಗೆ?

ಬಾವಿಯ ದೃಶ್ಯದ ನಂತರ ಕಾರಣವನ್ನು ತೋರಿಸಬೇಕಷ್ಟೆ. ಅದಕ್ಕೆ ಎಲ್ಲರೂ ಬಲ್ಲ ನಾಣ್ಯದ ಪ್ರಯೋಗವನ್ನು ಆರಿಸಿಕೊಂಡರು. ಒಂದು ಬೋಗುಣಿಯ ತಳದಲ್ಲಿ ನಾಣ್ಯವನ್ನಿಟ್ಟು, ಬೋಗುಣಿಯ ಅಂಚು ನಾಣ್ಯವನ್ನು ಮರೆಮಾಡುವವರೆಗೆ ಕ್ಯಾಮೆರಾವನ್ನು ತಗ್ಗಿಸಿ ಅಲ್ಲಿಯೇ ನಿಲ್ಲಿಸಿದರು. ಬಳಿಕ ಮೆಲ್ಲನೆ ನೀರನ್ನು ಸುರಿದಾಗ ಅಡಗಿದ್ದ ನಾಣ್ಯ ಅಂಚಿನ ಮೇಲೆ ಎದ್ದು ಬಂದಂತೆ ಕಂಡಿತು. ಚಿತ್ರ ಚೆನ್ನಾಗಿಯೇ ಬಂತು. ಅದರ ಮೇಲೆ ಬೆಳಕಿನ ಕಿರಣವನ್ನು ಗೆರೆಯಿಂದ ಗುರುತಿಸಿ, ಗೆರೆಗೆ ಬಾಣದ ತಲೆಯನ್ನು ಹಾಕುವಾಗ ತೊಡಕು ಹುಟ್ಟಿತು. “ಬಾಣಾ ಯಾ ಕಡಿ ಹಾಕಬೇಕ್ರಿ ಸರ್?” ಎಂದು ಬಾಲಕಿಯೊಬ್ಬಳು ಕೇಳಿದಳು. ಇಬ್ಬರು ಅದನ್ನು ಕಣ್ಣಿನಿಂದ ನಾಣ್ಯದ ಕಡೆಗೆ ಬರೆದಿದ್ದರು, ಇಬ್ಬರು ನಾಣ್ಯದಿಂದ ಕಣ್ಣಿನ ಕಡೆಗೆ.

ಇದನ್ನು ಕಂಡು ನಗಬೇಕಾಗಿಲ್ಲ. ಎರಡನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದಲ್ಲಿದ್ದ ಟಾಲೆಮಿಯು ಇದೇ ನಾಣ್ಯದ ಪ್ರಯೋಗವನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ನೀರಿನಲ್ಲಿ ಕಿರಣ ಎಷ್ಟು ಬಾಗುವುದೆಂದು ಅಳೆಯಲೂ ಯತ್ನಿಸಿದ್ದಾನೆ. ಆದರೂ ದೃಷ್ಟಿಯ ಕಿರಣಗಳು ಕಣ್ಣಿನಿಂದ ಹೊರಟು ವಸ್ತುವನ್ನು ಮುಟ್ಟುವುವೆಂದೇ ಅವನು ನಂಬಿದ್ದನು. ‘ನೋಟ ಬೀರಿದನು’, ‘ಕಣ್ಣು ಹಾಯಿಸಿದನು’ ಎಂದು ನಾವು ಇಂದಿಗೂ ಆಡುವ ಮಾತಿನಲ್ಲಿ ಅದೇ ಭಾವನೆ ಅಡಗಿದೆ. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುವುದೆಂದು ತರ್ಕದಿಂದಲೂ ಪ್ರಯೋಗದಿಂದಲೂ ಸ್ಥಾಪಿಸಿದವನು ಅವನಿಗಿಂತ ಎಂಟು ನೂರು ವರ್ಷಗಳ ಮೇಲೆ ಬಂದ ಇಬ್ನ್ ಅಲ್ ಹೈಥಮ್.

ಬಾಣದ ದಿಕ್ಕು ಯಾವುದಾದರೂ ಕಿರಣ ಬಾಗುವ ಕೋನಗಳು ಬದಲಾಗವು. ಆದ್ದರಿಂದ ಕೇವಲ ರೇಖಾಚಿತ್ರದಿಂದ ಈ ವಿವಾದ ತೀರದು. ಅದನ್ನು ತೀರಿಸಿದವಳು ಪ್ರಶ್ನೆ ಕೇಳಿದ ಬಾಲಕಿಯೇ. ಫೋನಿನ ಕಡೆ ಕೈ ತೋರಿಸಿ, “ಇದರಿಂದ ಏನೂ ಹೊರಗ ಹೋಗಂಗಿಲ್ಲಲ್ರಿ, ಆದ್ರೂ ಇದಕ್ಕ ನಾಣ್ಯ ಕಂಡದ” ಎಂದಳು. ನಿಜ. ದೀಪವನ್ನು ಹಚ್ಚದ ಫೋನು ಬೆಳಕನ್ನು ಬರಮಾಡಿಕೊಳ್ಳುವುದೇ ಹೊರತು ನಾಣ್ಯವನ್ನು ಹುಡುಕಿಕೊಂಡು ಕಿರಣವನ್ನು ಕಳುಹಿಸುವುದಿಲ್ಲ. ಕ್ಯಾಮೆರಾಕ್ಕೆ ನಾಣ್ಯ ಎದ್ದು ಕಂಡಿತೆಂದರೆ ಬಾಣ ನಾಣ್ಯದಿಂದ ಹೊರಡಲೇಬೇಕು. ನಾಣ್ಯದಿಂದ ಹೊರಟ ಕಿರಣ ನೀರನ್ನು ಬಿಟ್ಟು ಗಾಳಿಗೆ ಬರುವಾಗ ಲಂಬದಿಂದ ದೂರಕ್ಕೆ ಬಾಗುವುದು. ಬಾಗಿದ್ದನ್ನು ಅರಿಯದ ಕಣ್ಣು, ಕಿರಣ ನೇರವಾಗಿಯೇ ಬಂದಿತೆಂದೆಣಿಸಿ ನಾಣ್ಯವನ್ನು ಮೇಲಕ್ಕೆ ಎತ್ತಿ ಕಾಣುವುದು. ವರ್ಷವಿಡೀ ನಾವು ಕಪ್ಪುಹಲಗೆಯ ಮೇಲೆ ಈ ಬಾಣವನ್ನು ಬರೆದಿದ್ದೆವು, ಯಾರೂ ಕೇಳಿರಲಿಲ್ಲ. ತಾವೇ ಬರೆಯಬೇಕಾಗಿ ಬಂದಾಗ ಕೇಳಿದರು.

ಗುಳ್ಳೆಗಳ ಸಾಕ್ಷ್ಯ

ಎರಡನೆಯ ವಿಡಿಯೊ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕುರಿತದ್ದು. ಕೆರೆಯಿಂದ ತಂದ ನೀರುಗಿಡದ ಒಂದು ಕಡ್ಡಿಯನ್ನು ಗಾಜಿನ ಭರಣಿಯಲ್ಲಿಟ್ಟು, ಆಗಷ್ಟೆ ಸೇದಿದ ಬಾವಿಯ ನೀರನ್ನು ತುಂಬಿ, ಬಿಸಿಲಿಗೆ ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ಎಲೆಗಳ ಮೇಲೆ ಮುತ್ತಿನಂಥ ಗುಳ್ಳೆಗಳು ಮೂಡಿದುವು. ‘ಬಿಸಿಲಿನಲ್ಲಿ ಗಿಡವು ಆಮ್ಲಜನಕವನ್ನು ಬಿಡುತ್ತದೆ, ಇದೇ ಅದಕ್ಕೆ ಸಾಕ್ಷಿ’ ಎಂದು ವಿವರಣೆ ಸಿದ್ಧವಾಯಿತು.

ಗಿಡವಿಲ್ಲದ ಇನ್ನೊಂದು ಭರಣಿಯನ್ನು ಪಕ್ಕದಲ್ಲಿಟ್ಟು ಮತ್ತೆ ತೆಗೆಯಿರಿ ಎಂದು ನಾವು ಹೇಳಿದೆವು. ತೆಗೆದರು. ಗಿಡವಿಲ್ಲದ ಭರಣಿಯ ಗೋಡೆಗೂ ಗುಳ್ಳೆಗಳು ಅಂಟಿಕೊಂಡಿದ್ದುವು! ಅವು ಎಲ್ಲಿಂದ ಬಂದುವು? ತಣ್ಣೀರು ಹೆಚ್ಚು ಗಾಳಿಯನ್ನು ಕರಗಿಸಿಕೊಳ್ಳಬಲ್ಲುದು. ಕಾದಂತೆ ಆ ಶಕ್ತಿ ಕುಂದುವುದು. ಗಾಳಿಯೊಡನೆ ಚೆನ್ನಾಗಿ ಬೆರೆತ ಸಿಹಿನೀರಿನಲ್ಲಿ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬಾವಿಯ ತಂಪು ನೀರು ಬಿಸಿಲಿನಲ್ಲಿ ಕಾದಾಗ ಹಿಡಿಯಲಾರದೆ ಬಿಟ್ಟ ಗಾಳಿಯೇ ಆ ಗುಳ್ಳೆಗಳು. ಮೊದಲ ವಿಡಿಯೊದಲ್ಲಿ ಗಿಡದ ಗುಳ್ಳೆಯೂ ನೀರಿನ ಗುಳ್ಳೆಯೂ ಕಲೆತುಹೋಗಿದ್ದುವು. ಕ್ಯಾಮೆರಾ ಸುಳ್ಳಾಡಿರಲಿಲ್ಲ, ಅದು ತೋರಿಸಿದ್ದಕ್ಕಿಂತ ಹೆಚ್ಚನ್ನು ನಮ್ಮ ವಿವರಣೆ ಹೇಳಿತ್ತು.

ಮೂರನೆಯ ಸಲ ನೀರನ್ನು ಮೊದಲೇ ಬಿಸಿಲಿನಲ್ಲಿಟ್ಟು ಹದಗೊಳಿಸಿದರು. ಮೂರು ಭರಣಿಗಳು: ಒಂದರಲ್ಲಿ ಗಿಡ, ಒಂದರಲ್ಲಿ ಬರಿಯ ನೀರು, ಒಂದರಲ್ಲಿ ಗಿಡವಿದ್ದರೂ ಮೇಲೆ ಕಪ್ಪು ಬಟ್ಟೆಯ ಮುಸುಕು. ಪ್ರತಿಯೊಂದರಲ್ಲಿಯೂ ಉಷ್ಣತಾಮಾಪಕ. ಈಗ ಮೊದಲನೆಯದರಲ್ಲಿ ಮಾತ್ರ ಕತ್ತರಿಸಿದ ಕಡ್ಡಿಯ ತುದಿಯಿಂದ ಗುಳ್ಳೆಗಳು ಸಾಲುಗಟ್ಟಿ ಏಳುತ್ತಿದ್ದುವು. ಮುಸುಕನ್ನು ಆ ಭರಣಿಗೆ ಹೊದಿಸಿ ಸ್ವಲ್ಪ ಹೊತ್ತಿನ ಮೇಲೆ ತೆಗೆದು ನೋಡಿದರೆ ಸಾಲು ನಿಂತಿತ್ತು. ಚಿಟಿಕೆಯಷ್ಟು ಅಡುಗೆ ಸೋಡವನ್ನು ಬೆರೆಸಿದರೆ ಗಿಡಕ್ಕೆ ಬೇಕಾದ ಇಂಗಾಲ ದೊರೆತು ಸಾಲು ಇನ್ನೂ ಚುರುಕಾಗುವುದು. ಓದುಗರು ಅದನ್ನು ತಾವೇ ಮಾಡಿ ನೋಡಬಹುದು.

ಇದು ಭರಣಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಬೇಸಗೆಯಲ್ಲಿ ಕೆರೆಯ ನೀರು ಇಳಿದು ಕಾದಾಗ ಆಮ್ಲಜನಕ ಕಡಿಮೆಯಾಗುವುದು. ಹಗಲು ಪಾಚಿ, ಗಿಡಗಳು ಅದನ್ನು ತುಂಬಿಕೊಡುವುವು. ಇರುಳು ಅವೂ ಮೀನುಗಳಂತೆ ಉಸಿರಾಡಿ ಅದನ್ನು ಬಳಸಿಕೊಳ್ಳುವುವು. ಆದ್ದರಿಂದ ಬೆಳಗಿನ ಜಾವದಲ್ಲಿ ಆಮ್ಲಜನಕ ಅತ್ಯಂತ ಕಡಿಮೆ. ಆ ಹೊತ್ತಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕೆರೆಗೆ ಆಪತ್ತು ಬಂದಿದೆಯೆಂದೇ ತಿಳಿಯಬೇಕು.

ಎಂಟು ಗಂಟೆ, ಇಪ್ಪತ್ತು ಸೆಕೆಂಡು

ಮಳೆಗಾಲದಲ್ಲಿ ಎರೆಹೊಲಗಳಿಂದ ಹರಿದುಬಂದ ಹಳ್ಳದ ನೀರು ದಿನಗಟ್ಟಲೆ ಕದಡಿರುವುದು. ಮರಳು ಬೇಗ ಕೆಳಗಿಳಿದರೂ ಎರೆಯ ಬಗ್ಗಡ ಇಳಿಯದು. ಏತಕ್ಕೆ? 1851ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ಕಂಡುಹಿಡಿದ ನಿಯಮದಂತೆ, ದ್ರವದಲ್ಲಿ ಇಳಿಯುವ ಸಣ್ಣ ಕಣದ ವೇಗ ಅದರ ಅಗಲದ ವರ್ಗವನ್ನು ಅನುಸರಿಸುವುದು. ಅಗಲ ಐವತ್ತನೆಯ ಒಂದು ಪಾಲಾದರೆ ವೇಗ ಎರಡು ಸಾವಿರದ ಐನೂರನೆಯ ಒಂದು ಪಾಲಾಗುವುದು. ಮಿಲಿಮೀಟರಿನ ಹತ್ತನೆಯ ಒಂದರಷ್ಟಿರುವ ಮರಳಿನ ಕಣ ಹತ್ತು ಸೆಂಟಿಮೀಟರು ಇಳಿಯಲು ಹನ್ನೆರಡು ಸೆಕೆಂಡು ಸಾಕು. ಐನೂರನೆಯ ಒಂದರಷ್ಟಿರುವ ಜೇಡಿಯ ಕಣಕ್ಕೆ ಅಷ್ಟೇ ದೂರಕ್ಕೆ ಸುಮಾರು ಎಂಟು ಗಂಟೆ ಬೇಕು. ಅದಕ್ಕಿಂತ ಸೂಕ್ಷ್ಮವಾದವು ದಿನಗಳಾದರೂ ತೇಲುತ್ತಲೇ ಇರುವುವು. ಪಟಿಕವನ್ನು ತೇಯ್ದು ಕಲಸಿದರೆ ಅವು ಒಂದಕ್ಕೊಂದು ಅಂಟಿ, ದೊಡ್ಡ ಮುದ್ದೆಗಳಾಗಿ ಬೇಗ ಇಳಿಯುವುವು.

ಎಂಟು ಗಂಟೆ ಯಾರು ಕಾದು ನೋಡುವರು? ಇಲ್ಲಿ ಕ್ಯಾಮೆರಾ ಕಣ್ಣಿಗಿಂತ ಮೇಲು. ನಿಮಿಷಕ್ಕೊಂದರಂತೆ ಎಂಟು ಗಂಟೆಗೆ 480 ಚಿತ್ರಗಳಾಗುವುವು. ಅವುಗಳನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ಇಪ್ಪತ್ತು ಸೆಕೆಂಡಿನಲ್ಲಿ ಬಗ್ಗಡ ಇಳಿಯುವುದು ಕಾಣುವುದು. ಕಾಲವನ್ನು 1440 ಪಟ್ಟು ಕುಗ್ಗಿಸಿದಂತಾಯಿತು. ನಮ್ಮ ವಿದ್ಯಾರ್ಥಿಗಳು ಇದನ್ನೂ ಮಾಡಿದರು. ಮೊದಲ ಸಲ ಸೋತರು. ಬೆಳಕು ಏರಿಳಿದಂತೆ ಫೋನು ತನ್ನಷ್ಟಕ್ಕೆ ತಾನೇ ಚಿತ್ರದ ಕಾಂತಿಯನ್ನು ಹೊಂದಿಸಿಕೊಂಡಿತು. ಕದಡಿದ ನೀರೂ ಒಮ್ಮೊಮ್ಮೆ ತಿಳಿಯಾದಂತೆ ಕಂಡಿತು. ಭರಣಿಯ ಹಿಂದೆ ಬಿಳಿಯ ಕಾಗದದ ಮೇಲೆ ಕಪ್ಪು ಗೆರೆಗಳನ್ನು ಬರೆದು ಅಂಟಿಸಿ, ಒಂದೇ ವಿದ್ಯುದ್ದೀಪದ ಬೆಳಕಿನಲ್ಲಿ ತೆಗೆದಾಗ ಯಾವ ಗೆರೆ ಯಾವ ಹೊತ್ತಿಗೆ ಗೋಚರವಾಯಿತೆಂಬುದೇ ಅಳತೆಯಾಯಿತು. ಇದೇ ತತ್ತ್ವದ ಮೇಲೆ 1865ರಲ್ಲಿ ಇಟಲಿಯ ಸೆಕ್ಕಿ ಎಂಬ ಪಾದ್ರಿಯು ಬಿಳಿಯ ತಟ್ಟೆಯೊಂದನ್ನು ಸಮುದ್ರದಲ್ಲಿ ಇಳಿಬಿಟ್ಟು, ಅದು ಮರೆಯಾಗುವ ಆಳದಿಂದ ನೀರಿನ ತಿಳಿತನವನ್ನು ಅಳೆದನು. ಅವನ ಹೆಸರಿನ ತಟ್ಟೆಯನ್ನು ಜಲವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ.

ತೆಗೆಯುವವರಿಗೆ ಕೆಲವು ಮಾತುಗಳು

ಈ ಲೇಖನವನ್ನು ಓದಿ ತಾವೂ ಇಂಥ ವಿಡಿಯೊ ತೆಗೆಯಬೇಕೆಂದು ಬಯಸುವ ವಿದ್ಯಾರ್ಥಿಮಿತ್ರರಿಗೆ ನಮ್ಮ ಅನುಭವದ ಕೆಲವು ಸೂಚನೆಗಳು:

ಒಂದು ವಿಡಿಯೊಕ್ಕೆ ಒಂದೇ ಪ್ರಶ್ನೆಯಿರಲಿ. ತೆಗೆಯುವ ಮೊದಲು, ಏನಾಗುವುದೆಂದು ನೀವು ಎಣಿಸಿದ್ದೀರೋ ಅದನ್ನು ಬರೆದಿಡಿ. ಎಣಿಕೆ ತಪ್ಪಿದರೆ ಅದನ್ನೂ ವಿಡಿಯೊದಲ್ಲಿ ಹೇಳಿ. ಫೋನನ್ನು ಕೈಯಲ್ಲಿ ಹಿಡಿಯದೆ ಇಟ್ಟಿಗೆಗಳ ನಡುವೆ ನಿಲ್ಲಿಸಿ. ಚಿತ್ರದೊಳಗೆ ಒಂದು ಅಳತೆಪಟ್ಟಿ, ಒಂದು ಗಡಿಯಾರ ಕಾಣುವಂತಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಇದಿಲ್ಲದಿದ್ದರೆ ಏನಾಗುತ್ತಿತ್ತು?’ ಎಂಬುದಕ್ಕೆ ಉತ್ತರವಾಗುವ ಎರಡನೆಯ ಭರಣಿಯನ್ನು ಮರೆಯಬೇಡಿ.

ನೀರಿನೊಳಗಿನದನ್ನು ಮೇಲಿನಿಂದ ತೆಗೆಯುವಾಗ ಆಕಾಶದ ಹೊಳಪು ಅಡ್ಡಬರುವುದು. ಪೋಲರಾಯ್ಡ್ ತಂಪುಕನ್ನಡಕದ ಗಾಜನ್ನು ಫೋನಿನ ಮುಂದೆ ಹಿಡಿದು, ಲಂಬದಿಂದ ಸುಮಾರು 53 ಡಿಗ್ರಿಯಷ್ಟು ಓರೆಯಾಗಿ ನೋಡುತ್ತ ಗಾಜನ್ನು ತಿರುಗಿಸಿದರೆ ಒಂದು ಸ್ಥಿತಿಯಲ್ಲಿ ಹೊಳಪು ಮಾಯವಾಗಿ ಮೀನುಗಳು ಕಾಣುವುವು. 1921ರಲ್ಲಿ ಯುರೋಪಿಗೆ ಹೋಗಿಬಂದ ಹಡಗಿನ ಪ್ರಯಾಣದಲ್ಲಿ ಸಿ. ವಿ. ರಾಮನ್ನರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವೆಂದು ಹಿರಿಯ ವಿಜ್ಞಾನಿಗಳು ಹೇಳಿದ್ದರು. ರಾಮನ್ನರು ನಿಕಲ್ ಪಟ್ಟಕದ ಮೂಲಕ ಆ ಪ್ರತಿಬಿಂಬವನ್ನು ಕಳೆದು ನೋಡಿದರು, ನೀಲಿ ಹೋಗಲಿಲ್ಲ. ಆ ಬಣ್ಣಕ್ಕೆ ನೀರಿನ ಅಣುಗಳು ಬೆಳಕನ್ನು ಚದುರಿಸುವುದೇ ಮುಖ್ಯ ಕಾರಣವೆಂದು ಅವರು ವಾದಿಸಿದರು. ಅಲ್ಲಿ ಮೊದಲಾದ ವಿಚಾರವೇ 1928ರ ಫೆಬ್ರವರಿ 28ರ ಮಹಾ ಶೋಧಕ್ಕೆ ದಾರಿಯಾಯಿತು.

ಕೊನೆಯ ಸೂಚನೆ ಎಲ್ಲಕ್ಕೂ ಮೊದಲು ಪಾಲಿಸಬೇಕಾದದ್ದು. ನೀರಿನ ಬಳಿಗೆ ಒಬ್ಬರೇ ಹೋಗಬೇಡಿ, ಹಿರಿಯರೊಬ್ಬರು ಜೊತೆಯಲ್ಲಿರಲಿ. ಚಿತ್ರಕ್ಕಾಗಿ ಬಾವಿಯ ಅಂಚಿಗೆ ಬಾಗಬೇಡಿ, ನೀರಿಗೆ ಇಳಿಯಬೇಡಿ. ಪ್ಲಾಸ್ಟಿಕ್ ಹಾಳೆಯನ್ನು ಹಾಸಿದ ಕೃಷಿಹೊಂಡದ ಇಳಿಜಾರು ಒದ್ದೆಯಾದಾಗ ಬಹಳ ಜಾರುವುದು. ಈಜು ಬಲ್ಲವನಿಗೂ ಮೇಲೆ ಹತ್ತಲು ಹಿಡಿತ ಸಿಕ್ಕದು.

ಖಜೂರಿಯ ಬಾವಿಯ ವಿಡಿಯೊ ಈಗ ಮೂರು ನಿಮಿಷ ಹತ್ತು ಸೆಕೆಂಡಿನದು. ಅದರಲ್ಲಿ ಸಂಗೀತವಿಲ್ಲ. ಧ್ವನಿ ಅಲ್ಲಲ್ಲಿ ಗಾಳಿಗೆ ಒಡೆದಿದೆ. ‘ಭುಜದ ಮಟ ಬರಬಹುದು’ ಎಂಬ ಮಾತನ್ನು ತೆಗೆದುಹಾಕೋಣವೇ ಎಂದು ನಾವು ಕೇಳಿದೆವು. ಆ ಹುಡುಗನೇ ಬೇಡವೆಂದನು. ತನ್ನ ತಮ್ಮನಿಗೆ ಅದನ್ನೇ ಮೊದಲು ತೋರಿಸಬೇಕೆಂಬುದು ಅವನ ಇಚ್ಛೆ. ತಮ್ಮನು ಈ ಬೇಸಗೆಯಲ್ಲಿ ಈಜು ಕಲಿಯಲು ಹೊರಟಿದ್ದಾನಂತೆ.